ಬೈಗುಳವೇ ಇಲ್ಲದ ಮೇಲ್ ಯಾಕೆ ಇಷ್ಟು ನೋಯಿಸುತ್ತದೆ?

ಪ್ರಶ್ನೆ: ನನಗೆ 27 ವರ್ಷ. ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ದಿನಾ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು ವೈಟ್‌ಫೀಲ್ಡಿನ ಒಂದು ಕಂಪನಿಗೆ ಹೋಗುತ್ತೇನೆ. ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ನನ್ನ ಸೀನಿಯರ್ ಎದುರಿಗೆ ಸಿಕ್ಕರೆ ತುಂಬಾ ಒಳ್ಳೆಯವರು, ಊಟ ಆಯ್ತಾ ಅಂತ ಕೇಳುತ್ತಾರೆ. ಮೇಲ್ ಬರೆಯಲು ಕೂತರೆ ಬೇರೆಯೇ ಮನುಷ್ಯ. ‘ಹಿಂದಿನ ಮೇಲ್‌ನಲ್ಲೇ ತಿಳಿಸಿದ್ದಂತೆ’, ‘ಬಹುಶಃ ನಿಮ್ಮ ಗಮನಕ್ಕೆ ಬಂದಿಲ್ಲವೇನೋ’, ‘ಅರ್ಥವಾಗಲಿ ಅಂತ ಇನ್ನೂ ಸುಲಭವಾಗಿ ಬರೆಯುತ್ತಿದ್ದೇನೆ’... ಎಲ್ಲಾ ಇಂಗ್ಲಿಷಿನಲ್ಲಿ, ಎಲ್ಲಾ ಮರ್ಯಾದೆಯಾಗಿ, ಮ್ಯಾನೇಜರಿಗೂ ಸಿಸಿ ಹಾಕಿ. ಸಂಜೆ ರೈಲಿನಲ್ಲಿ ಅದನ್ನೇ ಮತ್ತೆ ಮತ್ತೆ ಓದುತ್ತೇನೆ. ಮನೆಯಲ್ಲಿ ಹೇಳಿಕೊಂಡರೆ, ‘ಬಯ್ಯಲಿಲ್ಲ ತಾನೇ, ಬಿಡಮ್ಮಾ’ ಅನ್ನುತ್ತಾರೆ. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಕೆಲಸ ಇರುವುದೇ ದೊಡ್ಡದು ಅಂತ ಅವರ ಲೆಕ್ಕ. ಈಗೀಗ ನಾನೂ ಜೂನಿಯರ್ ಹುಡುಗನಿಗೆ ಅದೇ ಥರ ಬರೆಯುತ್ತಿದ್ದೇನೆ ಅನ್ನಿಸಿ ಹೆದರಿಕೆಯಾಗುತ್ತಿದೆ. ತಪ್ಪು ನನ್ನದಾ, ಅವರದಾ? ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ. ಊರು ಉಳಿಸಿಕೊಂಡಿದ್ದೇನೆ, ಯಾಕೆಂದರೆ ನಿಮ್ಮ ಕಷ್ಟದಲ್ಲಿ ಆ ಊರಿನ ಪಾಲೂ ಇದೆ. ಅದು ಮುಂದೆ ಬರುತ್ತದೆ.

ಮೊದಲು, ನಿಮಗೆ ನೋವಾಗಿರುವುದು ನಿಜ. ಬೈಗುಳ ಇರಲಿಲ್ಲ ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ನೇರವಾಗಿ ಬಯ್ದಿದ್ದರೆ ನೀವು ‘ಯಾಕ್ ಸಾರ್ ಹೀಗಂತೀರಿ’ ಎಂದು ಕೇಳುತ್ತಿದ್ದಿರಿ, ಅಕ್ಕಪಕ್ಕದವರೂ ನಿಮ್ಮ ಪರವಾಗಿ ಒಂದು ಮಾತು ಆಡುತ್ತಿದ್ದರು. ನಯವಾದ ಕೊಂಕಿಗೆ ಆ ಅವಕಾಶವೇ ಇಲ್ಲ. ಯಾರಿಗಾದರೂ ತೋರಿಸಿದರೆ ‘ಇದರಲ್ಲೇನಿದೆ?’ ಎನ್ನುತ್ತಾರೆ. ಆಗ ನಿಮಗೇ ನಿಮ್ಮ ಮೇಲೆ ಅನುಮಾನ ಬರುತ್ತದೆ. ನನಗೇ ಸಂಶಯ ಜಾಸ್ತಿಯಾ, ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿದೆಯಾ, ಹಳ್ಳಿಯವಳು ಎಂದು ಹೀಗಾ... ಮೇಲ್ ಇರುವುದು ಎರಡು ಸಾಲು, ನೀವು ಸಂಜೆಯ ರೈಲಿನಲ್ಲಿ ಅದಕ್ಕೆ ಬರೆಯುವ ವ್ಯಾಖ್ಯಾನ ಮಾಲೂರು, ಟೇಕಲ್ ದಾಟಿದರೂ ಮುಗಿಯುವುದಿಲ್ಲ. ದಣಿವಾಗುವುದು ಆ ವ್ಯಾಖ್ಯಾನದಿಂದ. ನನ್ನ ಬಳಿ ಬರುವವರಲ್ಲಿ ಇದೇ ದಣಿವಿನವರು ಸಾಕಷ್ಟು ಮಂದಿ ಇದ್ದಾರೆ. ಬ್ಯಾಂಕಿನವರಿದ್ದಾರೆ, ಶಾಲೆಯ ಮೇಷ್ಟ್ರಿದ್ದಾರೆ, ಕಂಪನಿಯವರಂತೂ ಇದ್ದೇ ಇದ್ದಾರೆ.

‘ಬಿಡಮ್ಮಾ’ ಎಂದ ಅಪ್ಪನ ಮೇಲೆ ಬೇಸರ ಬೇಡ. ಅವರ ಗಣಿಯನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ನೀವಾಗ ಎರಡು ಮೂರು ವರ್ಷದ ಮಗು, ನಿಮಗೆ ಅದು ನೆನಪಿರಲಿಕ್ಕಿಲ್ಲ. ಆದರೆ ಕೆಲಸ ಹೋದ ಮನೆಯಲ್ಲಿ ಬೆಳೆದಿದ್ದೀರಿ. ಅಂಥ ಮನೆಗಳಲ್ಲಿ ‘ಮೇಲಿನವರಿಗೆ ಬೇಜಾರಾಗಿದೆ’ ಎಂಬ ಮಾತಿಗೆ ಬೇರೆಯೇ ತೂಕ. ಮ್ಯಾನೇಜರಿಗೆ ಸಿಸಿ ಹೋದ ಒಂದು ಮೇಲ್ ಬೆಂಗಳೂರಿನ ಸಹೋದ್ಯೋಗಿಗೆ ಬರೀ ಕಿರಿಕಿರಿ. ನಿಮಗೆ ಅದು ಕೆಲಸಕ್ಕೇ ಕುತ್ತು ಬಂದಂತೆ. ಹೊಟ್ಟೆಯಲ್ಲಿ ಏಳುವ ಆ ಹೆದರಿಕೆಯಲ್ಲಿ ಅರ್ಧ ಮಾತ್ರ ನಿಮ್ಮ ಸೀನಿಯರ್ ತಂದದ್ದು. ಉಳಿದರ್ಧ ಅವರಿಗಿಂತ ಹಳೆಯದು. ಇದನ್ನು ತಿಳಿದುಕೊಂಡರೆ ಹೆದರಿಕೆ ಪೂರ್ತಿ ಹೋಗುವುದಿಲ್ಲ. ಆದರೆ ಆ ಮನುಷ್ಯನ ಲೆಕ್ಕಕ್ಕೆ ಎಷ್ಟು ಬರೆಯಬೇಕೋ ಅಷ್ಟನ್ನೇ ಬರೆಯಲು ಸಾಧ್ಯವಾಗುತ್ತದೆ.

ಈಗ ಮೇಲ್‌ನ ವಿಷಯ. ಅಮೆರಿಕದ ಮನಃಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳಿಗೆ ಕೆಲವು ವಾಕ್ಯ ಕೊಟ್ಟರು. ಕೆಲವು ಗಂಭೀರವಾಗಿ ಹೇಳಬೇಕಾದವು, ಕೆಲವು ವ್ಯಂಗ್ಯವಾಗಿ. ಕೆಲವರು ಅದನ್ನು ಇಮೇಲ್‌ನಲ್ಲಿ ಕಳಿಸಿದರು, ಕೆಲವರು ಧ್ವನಿಯಲ್ಲಿ ಹೇಳಿದರು. ‘ನನ್ನ ಧಾಟಿ ಎದುರಿನವರಿಗೆ ಎಷ್ಟು ಗೊತ್ತಾಗುತ್ತದೆ?’ ಎಂದು ಕೇಳಿದಾಗ ಎರಡೂ ಗುಂಪಿನವರ ಅಂದಾಜು ನೂರಕ್ಕೆ 78ರ ಆಸುಪಾಸು. ಧ್ವನಿ ಕೇಳಿದವರು ಸರಿಯಾಗಿ ಗುರುತಿಸಿದ್ದು 73ರಷ್ಟು. ಮೇಲ್ ಓದಿದವರು 56ರಷ್ಟು ಮಾತ್ರ. ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ ಹೆಚ್ಚು ಕಡಿಮೆ. ಬರೆಯುವಾಗ ನಮ್ಮ ಧ್ವನಿ ನಮ್ಮ ಕಿವಿಯಲ್ಲಿ ಇರುತ್ತದೆ, ಅದು ಅಕ್ಷರದ ಜೊತೆ ಹೋಗುವುದಿಲ್ಲ. ನನಗೆ ಇನ್ನೂ ಮುಖ್ಯ ಎನ್ನಿಸುವುದು ಬೇರೆ: ಓದಿದವರೂ ತಮಗೆ ಸರಿಯಾಗಿಯೇ ತಿಳಿಯಿತು ಎಂದು ನಂಬಿದ್ದರು. ನಿಮ್ಮ ಸೀನಿಯರಿಗೆ ತನ್ನ ವಾಕ್ಯ ಹೇಗೆ ಕೇಳಿಸುತ್ತದೆ ಎಂಬುದು ಗೊತ್ತಿಲ್ಲದೆ ಇರಬಹುದು. ನೀವು ಕೇಳಿಸಿಕೊಂಡ ಧ್ವನಿ ಅವರದ್ದಲ್ಲದೆಯೂ ಇರಬಹುದು.

ನಿಮ್ಮ ಕಡೆಯವರಿಗೆ ಇದರಲ್ಲಿ ಒಂದು ಹೆಚ್ಚಿನ ತೊಡಕಿದೆ. ಮನೆಯಲ್ಲಿ ತೆಲುಗು, ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಎದುರಿನವರ ಮುಖ ನೋಡಿ ಭಾಷೆ ಬದಲಿಸುವುದು, ಗಡಸು ಮೃದು ಮಾಡುವುದು ಕೆಜಿಎಫ್ ಸೀಮೆಯವರಿಗೆ ಹುಟ್ಟಿನಿಂದ ಬಂದ ಜಾಣತನ. ಮೇಲ್‌ಗೆ ಮುಖವಿಲ್ಲ. ಆ ಜಾಣತನ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲೆ ಇಂಗ್ಲಿಷು ನಿಮಗೂ ಕಲಿತದ್ದು, ಬಹುಶಃ ನಿಮ್ಮ ಸೀನಿಯರಿಗೂ ಕಲಿತದ್ದೇ. ಆಫೀಸಿನ ಇಂಗ್ಲಿಷನ್ನು ನಮ್ಮಲ್ಲಿ ಬಹಳ ಜನ ಹಳೆಯ ಮೇಲ್‌ಗಳಿಂದ ನಕಲು ಮಾಡಿ ಕಲಿಯುತ್ತಾರೆ. ಯಾರದೋ ಸಿಟ್ಟಿನ ವಾಕ್ಯ ಇನ್ನಾರದೋ ಮೇಲ್‌ನಲ್ಲಿ ಮರ್ಯಾದೆಯ ವಾಕ್ಯವೆಂದು ಬಂದು ಕೂತಿರುತ್ತದೆ.

ಸರ್ಕಾರಿ ಕಚೇರಿಯ ಕಾಗದ ನೋಡಿದ್ದೀರಾ? ಉತ್ತರ ಬಾರದಿದ್ದರೆ ‘ನೆನಪೋಲೆ-1’ ಬರುತ್ತದೆ, ಆಮೇಲೆ ‘ನೆನಪೋಲೆ-2’. ‘ಈಗಾಗಲೇ ಉಲ್ಲೇಖಿತ ಪತ್ರದಲ್ಲಿ ತಿಳಿಸಿದ್ದರೂ ಇದುವರೆಗೂ ಮಾಹಿತಿ ಸಲ್ಲಿಸಿರುವುದಿಲ್ಲ’ ಎಂದು ಇರುತ್ತದೆ. ನಿಮ್ಮ ಸೀನಿಯರ್ ಬರೆದದ್ದಕ್ಕಿಂತ ಇದು ಗಡುಸು. ಆದರೂ ತಾಲ್ಲೂಕು ಕಚೇರಿಯಲ್ಲಿ ಇದನ್ನು ಓದಿ ಯಾರೂ ಸಾಮಾನ್ಯವಾಗಿ ಅಳುವುದಿಲ್ಲ. ಆ ಕಾಗದ ಹುದ್ದೆಗೆ ಬಂದಿರುತ್ತದೆ, ಮನುಷ್ಯನಿಗಲ್ಲ. ನಿಮಗೆ ಬರುವ ಮೇಲ್ ‘ಹಾಯ್’ ಎಂದು ನಿಮ್ಮ ಹೆಸರು ಹಿಡಿದು ಶುರುವಾಗುತ್ತದೆ, ಸ್ನೇಹಿತರ ಕಾಗದದ ಹಾಗೆ. ಸ್ನೇಹದ ಧಾಟಿಯಲ್ಲಿ ಶುರುವಾಗಿ ನೋಟಿಸಿನ ಧಾಟಿಗೆ ಇಳಿದಾಗ ಮೋಸಹೋದಂತೆ ಆಗುತ್ತದೆ. ‘ಹಿಂದಿನ ಮೇಲ್‌ನಲ್ಲೇ ತಿಳಿಸಿದ್ದಂತೆ’ ಎಂಬುದನ್ನು ಒಂದು ವಾರ ನೆನಪೋಲೆ ಎಂದುಕೊಂಡು ಓದಿ ನೋಡಿ. ಕೆಲವು ವಾಕ್ಯಗಳ ಮುಳ್ಳು ಅಷ್ಟಕ್ಕೇ ಉದುರುತ್ತದೆ. ಇಡೀ ತಂಡಕ್ಕೆ ಬರುವ ‘ಕೆಲವರು ಶೀಟ್ ಸಮಯಕ್ಕೆ ಕಳಿಸುತ್ತಿಲ್ಲ’ ಎಂಬಂಥ ಮೇಲ್‌ಗಳಲ್ಲಂತೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಡಿ.

ಎಲ್ಲ ಮುಳ್ಳೂ ಉದುರುವುದಿಲ್ಲ, ನನಗೆ ಗೊತ್ತು. ‘ಅರ್ಥವಾಗಲಿ ಅಂತ ಇನ್ನೂ ಸುಲಭವಾಗಿ ಬರೆಯುತ್ತಿದ್ದೇನೆ’ ಎಂಬುದನ್ನು ನಾನು ನಾಲ್ಕು ಧಾಟಿಯಲ್ಲಿ ಓದಿ ನೋಡಿದೆ, ಒಂದರಲ್ಲೂ ಚೆನ್ನಾಗಿ ಕೇಳಿಸಲಿಲ್ಲ. ಅದೂ ಮ್ಯಾನೇಜರ್ ಓದುವ ಮೇಲ್‌ನಲ್ಲಿ! ಅದು ಚುಚ್ಚುಮಾತು ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಎದುರಿಗೆ ಊಟ ಆಯ್ತಾ ಎಂದು ಕೇಳುವ ಮನುಷ್ಯ ಯಾಕೆ ಹೀಗೆ ಬರೆಯುತ್ತಾರೆ?

ಇಂಥ ಓರೆ ನಡವಳಿಕೆಯನ್ನು ವೈದ್ಯರು ಹೆಸರಿಟ್ಟು ದಾಖಲಿಸಿದ್ದು ಎರಡನೇ ಮಹಾಯುದ್ಧದ ಕೊನೆಗೆ. 1945ರಲ್ಲಿ ಅಮೆರಿಕದ ಯುದ್ಧ ಇಲಾಖೆ ಹೊರಡಿಸಿದ ಒಂದು ಸುತ್ತೋಲೆಯಲ್ಲಿ ಕೆಲವು ಸೈನಿಕರ ವರ್ತನೆಯ ವಿವರಣೆ ಇದೆ. ಮೇಲಧಿಕಾರಿ ಹೇಳಿದ್ದನ್ನು ಬಾಯಿಬಿಟ್ಟು ನಿರಾಕರಿಸುವುದಿಲ್ಲ. ಮುಖ ಊದಿಸಿಕೊಳ್ಳುತ್ತಾರೆ, ಕೆಲಸ ಮುಂದೂಡುತ್ತಾರೆ, ಹಟ ಹಿಡಿಯುತ್ತಾರೆ, ಸದ್ದಿಲ್ಲದೆ ಅಡ್ಡಿ ಮಾಡುತ್ತಾರೆ. ಸೈನ್ಯದಲ್ಲಿ ‘ಆಗಲ್ಲ’ ಎನ್ನುವಂತಿಲ್ಲವಲ್ಲ. ನೇರ ಮಾತಿಗೆ ಬೆಲೆ ತೆರಬೇಕಾದ ಕಡೆ ಓರೆ ಮಾತು ಹುಟ್ಟುತ್ತದೆ. ಆಫೀಸೂ ಅಂಥ ಜಾಗವೇ. ನಿಮ್ಮ ಸೀನಿಯರಿಗೆ ಮೇಲಿನಿಂದ ಒತ್ತಡವಿರಬಹುದು. ‘ನಿನ್ನ ಶೀಟ್ ತಡವಾದರೆ ಕ್ಲೈಂಟ್ ಎದುರು ನನಗೆ ಅವಮಾನವಾಗುತ್ತದೆ, ಭಯವಾಗುತ್ತದೆ’ ಎಂದು ನಿಮ್ಮ ಮುಖ ನೋಡಿ ಹೇಳಲು ಅವರಿಗೆ ಬಾರದು. ಎದುರಿಗೆ ಒಳ್ಳೆಯವರಾಗಿಯೇ ಇರಬೇಕೆಂಬ ಆಸೆಯೂ ಇದೆ. ಒಳಗೆ ಉಳಿದ ಸಿಟ್ಟು ಕೀಬೋರ್ಡಿಗೆ ಇಳಿಯುತ್ತದೆ. ಅವರು ದುಷ್ಟರಲ್ಲ, ಪುಕ್ಕಲರು ಎಂದುಕೊಂಡು ನೋಡಿ. ಇದು ಕ್ಷಮಾಪತ್ರವಲ್ಲ. ಅವರ ಒತ್ತಡವನ್ನು ನೀವು ಹೊರಬೇಕಾಗಿಲ್ಲ. ಆದರೆ ಪುಕ್ಕಲರ ಜೊತೆ ನಡೆದುಕೊಳ್ಳುವ ರೀತಿಯೇ ಬೇರೆ. ಅವರಿಗೆ ಇಲ್ಲದ ನೇರ ಮಾತಿನ ದಾರಿಯನ್ನು ನೀವು ತೆರೆಯಬಹುದು.

ತಪ್ಪು ಯಾರದು ಎಂದು ಕೇಳಿದ್ದೀರಿ. ವಾಕ್ಯ ಅವರದು, ಅದರ ಹೊಣೆ ಅವರದೇ. ಆ ವಾಕ್ಯವನ್ನು ಮನೆಗೆ ಹೊತ್ತು ತರುವ ಅಭ್ಯಾಸ ನಿಮ್ಮದು. ಮೊದಲು ಅದನ್ನು ಬಿಡಿಸೋಣ.

ಫೋನಿನಲ್ಲಿ ಆಫೀಸ್ ಮೇಲ್‌ನ ಸೂಚನೆ ಬರದಂತೆ ಮಾಡಿ. ಸಾಧ್ಯವಾದರೆ ರೈಲು ಹತ್ತಿದ ಮೇಲೆ ಮೇಲ್ ತೆರೆಯಲೇಬೇಡಿ. ವೈಟ್‌ಫೀಲ್ಡಿನಿಂದ ಬಂಗಾರಪೇಟೆಯವರೆಗೆ ನೀವು ಏನನ್ನೂ ಸರಿಪಡಿಸಲಾಗುವುದಿಲ್ಲ, ಬೇಯಬಹುದು ಅಷ್ಟೆ. ಉತ್ತರ ಬರೆಯಲೇಬೇಕೆಂದು ಕೈ ತುರಿಸಿದರೆ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ, ಮೇಲ್‌ನಲ್ಲಿ ಬೇಡ. ಬೆಳಗ್ಗೆ ಓದಿದರೆ ಅದರಲ್ಲಿ ಅರ್ಧ ನಿಮಗೇ ಬೇಡವಾಗಿರುತ್ತದೆ.

ಇನ್ನೊಂದು ಉಪಾಯ ನಿಮ್ಮ ರೈಲಿನಲ್ಲೇ ಇದೆ. ಪಾಸಿನವರ ಗುಂಪಿನಲ್ಲಿ ಬೇರೆ ಕಂಪನಿಯ, ನೀವು ನಂಬುವ ಒಬ್ಬ ಅಕ್ಕನೋ ಗೆಳತಿಯೋ ಇರುತ್ತಾರೆ. ಹೆಸರು, ಕಂಪನಿ, ಲೆಕ್ಕ ಎಲ್ಲ ತೆಗೆದು ಆ ಒಂದು ವಾಕ್ಯವನ್ನು ಮಾತ್ರ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಹಿನ್ನೆಲೆ ಹೇಳಬೇಡಿ. ಬೇರೆಯವರ ಬಾಯಲ್ಲಿ ಅದು ಸಪ್ಪೆಯಾಗಿ ಕೇಳಿಸಿದರೆ ಮುಳ್ಳು ನಿಮ್ಮ ಕಿವಿಯಲ್ಲಿತ್ತು. ಅವರೂ ಓದಿ ‘ಅಯ್ಯೋ’ ಎಂದರೆ ನಿಮ್ಮ ಅನುಮಾನ ಸರಿ. ಎರಡರಲ್ಲಿ ಯಾವುದಾದರೂ ಒಬ್ಬರೇ ಕೂತು ಓದುವುದಕ್ಕಿಂತ ಮೇಲು.

ಉತ್ತರ ಬರೆಯುವಾಗ ಧಾಟಿಗೆ ಉತ್ತರ ಕೊಡಬೇಡಿ, ಕೆಲಸಕ್ಕೆ ಕೊಡಿ. ಏನು ಕೇಳಿದ್ದಾರೆ, ಯಾವಾಗ ಬೇಕು, ನಿಮ್ಮಿಂದ ಏನಾಗುತ್ತದೆ, ಅಷ್ಟೇ. ‘ಮಾರ್ಚ್ ಬಿಲ್‌ಗಳ ಶೀಟ್ ಇಂದು ಸಂಜೆ ನಾಲ್ಕಕ್ಕೆ ಕಳಿಸುತ್ತೇನೆ. ಎರಡು ಬಿಲ್‌ಗಳ ಜಿಎಸ್‌ಟಿ ಸಂಖ್ಯೆ ಇನ್ನೂ ಬಂದಿಲ್ಲ, ಅವು ನಾಳೆ.’ ಮೂರನೇ ಸಾಲು ಬೇಡ. ‘ನಾನು ಮೊನ್ನೆಯೇ ಹೇಳಿದ್ದೆ’ ಎಂದು ಸೇರಿಸಲು ಮನಸ್ಸಾಗುತ್ತದೆ, ಸೇರಿಸಬೇಡಿ. ಸಿಸಿಯಲ್ಲಿರುವ ಮ್ಯಾನೇಜರ್ ಕೊನೆಗೆ ನೋಡುವುದು ಯಾರು ಕೆಲಸದ ಮಾತಾಡಿದರು ಎಂಬುದನ್ನೇ. ಶೀಟ್ ನಿಜವಾಗಿಯೂ ತಡವಾಗಿದ್ದರೆ ತಡವಾಯಿತು ಎಂದು ಒಂದೇ ಮಾತಿನಲ್ಲಿ ಒಪ್ಪಿಕೊಳ್ಳಿ, ಕ್ಷಮೆಯನ್ನು ಮೂರು ಸಲ ಕೇಳಬೇಡಿ.

ಮುಂದಿನದು ಕಷ್ಟದ್ದು, ಮುಖ್ಯವಾದದ್ದೂ ಅದೇ. ಅವರ ಜೊತೆ ಮಾತಾಡಬೇಕು. ಮೇಲ್‌ನಲ್ಲಿ ಅಲ್ಲ, ಎದುರಿಗೆ. ಅವರು ಎದುರಿಗೆ ಒಳ್ಳೆಯವರು ಎಂದು ನೀವೇ ಬರೆದಿದ್ದೀರಲ್ಲ, ಆ ಒಳ್ಳೆಯತನವನ್ನೇ ನಂಬಿ ಹೋಗಿ. ಮೇಲ್ ಬಂದ ದಿನವೇ ಬೇಡ, ಇತರರ ಮುಂದೆ ಬೇಡ. ಊಟದ ಹೊತ್ತು ಕಳೆದು ಗಡಿಬಿಡಿ ತಗ್ಗಿದಾಗ ‘ಸರ್, ಐದು ನಿಮಿಷ ಸಿಗುತ್ತಾ?’ ಎಂದು ಕೇಳಿ. ‘ನನಗೆ ಯಾಕೆ ಅವಮಾನ ಮಾಡ್ತೀರಿ?’ ಎಂದು ಶುರು ಮಾಡಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. ಹೀಗೆ ಹೇಳಬಹುದು: ‘ಸರ್, ಸೋಮವಾರದ ಮೇಲ್‌ನಲ್ಲಿ ಸುಲಭವಾಗಿ ಬರೀತಿದ್ದೀನಿ ಅಂತ ಇತ್ತು. ಓದಿ ನನಗೆ ಬೇಜಾರಾಯ್ತು. ನಾನು ತಪ್ಪಾಗಿ ಓದಿಕೊಂಡಿರಬಹುದು. ನನ್ನ ಕೆಲಸದಲ್ಲಿ ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ನನಗೇ ಕರೆದು ಹೇಳಿ ಸರ್, ತಿದ್ದಿಕೊಳ್ತೀನಿ.’ ಯಾವ ದಿನದ ಯಾವ ಮಾತು, ನಿಮಗೇನಾಯಿತು, ಮುಂದೆ ಏನು ಬೇಕು, ಇಷ್ಟು ಬಂದರೆ ಸಾಕು. ಕನ್ನಡವೋ ತೆಲುಗೋ, ಅವರಿಗೂ ನಿಮಗೂ ಬರುವ ಹತ್ತಿರದ ಭಾಷೆಯಲ್ಲಿ ಹೇಳಿ. ಇಂಥ ಮಾತಿಗೆ ಇಂಗ್ಲಿಷೇ ಬೇಕೆಂದು ಯಾವ ಕಂಪನಿಯ ನಿಯಮದಲ್ಲೂ ಇರಲಾರದು. ಧ್ವನಿ ಸ್ವಲ್ಪ ನಡುಗಬಹುದು, ನಡುಗಲಿ.

ಬಹಳ ಸಲ ಎದುರಿನವರು ‘ಅಯ್ಯೋ, ನಾನು ಹಾಗೆ ಅಂದುಕೊಂಡೇ ಬರೆದಿಲ್ಲಮ್ಮಾ’ ಎನ್ನುತ್ತಾರೆ. ಅದು ಪೂರ್ತಿ ನಿಜವಾ ಎಂದು ತೂಗುತ್ತಾ ಕೂರಬೇಡಿ. ಮುಂದಿನ ಎರಡು ಮೂರು ವಾರದ ಮೇಲ್‌ಗಳನ್ನು ನೋಡಿ, ಸಾಕು.

ಇನ್ನು ಆ ಜೂನಿಯರ್ ಹುಡುಗ. ನೀವಾಗಿಯೇ ಬರೆದುಕೊಂಡದ್ದರಿಂದ ಹೇಳುತ್ತೇನೆ, ಗದರಿಕೆ ಎಂದುಕೊಳ್ಳಬೇಡಿ. ನೀವು ಬರೆಯುವುದನ್ನು ಅವನೂ ಯಾವುದೋ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಓದುತ್ತಿರಬಹುದು. ಇದನ್ನು ನಿಲ್ಲಿಸಲು ನಿಮ್ಮ ಸೀನಿಯರ್ ಸರಿಹೋಗುವವರೆಗೆ ಕಾಯಬೇಕಾಗಿಲ್ಲ. ನಾಳೆಯೇ ಅವನ ಮೇಜಿನ ಬಳಿ ಹೋಗಿ ‘ಆ ಮೇಲ್ ಸ್ವಲ್ಪ ಖಾರವಾಯಿತು, ಸಾರಿ ಕಣಪ್ಪಾ’ ಎಂದುಬಿಡಿ. ನಿಮ್ಮ ಸೀನಿಯರ್ ಜೊತೆ ಆಡಬೇಕಾದ ನೇರ ಮಾತಿಗೆ ಅದೇ ಮೊದಲ ಅಭ್ಯಾಸವಾಗುತ್ತದೆ.

ಮಾತಾಡಿದ ಮೇಲೂ ಅದೇ ಮುಂದುವರಿದರೆ, ಅಥವಾ ಮಾತಾಡಿದ್ದಕ್ಕೇ ಇನ್ನಷ್ಟು ಹೆಚ್ಚಾದರೆ, ತಾಳ್ಮೆಯ ಪಾಠವನ್ನು ನಾನು ಮುಂದುವರಿಸುವುದಿಲ್ಲ. ಆಗ ಮೇಲ್‌ಗಳನ್ನು ಅಳಿಸದೆ ಇಟ್ಟುಕೊಂಡು, ತಾರೀಖು ಗುರುತು ಮಾಡಿ, ಮ್ಯಾನೇಜರ್ ಅಥವಾ ಎಚ್‌ಆರ್ ಬಳಿ ಹೋಗಿ. ಒಂದು ಮೇಲ್ ತೋರಿಸಿದರೆ ನಕ್ಕುಬಿಡುತ್ತಾರೆ, ಮೂರು ತಿಂಗಳ ಮೇಲ್‌ಗಳನ್ನು ಸಾಲಾಗಿ ಇಟ್ಟರೆ ಯಾರೂ ನಗುವುದಿಲ್ಲ. ಮಾತು ಹೆಣ್ಣೆಂಬ ಕಡೆಗೆ, ಲೈಂಗಿಕ ಸೂಚನೆಯ ಕಡೆಗೆ ತಿರುಗಿದರೆ ಅದು ಕೊಂಕಲ್ಲ, ಕಾನೂನಿನ ವಿಷಯ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅಲ್ಲಿ ದೂರು ಕೊಡಬೇಕು. ಜಾತಿ ಹಿಡಿದು ಹೀಗಳೆದರೂ ಸುಮ್ಮನಿರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ದೂರವಾಣಿ 15100.

ನಿದ್ದೆಯ ಬಗ್ಗೆ ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಎರಡು ವಾರದಿಂದ ಸರಿಯಾಗಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಭಾನುವಾರ ಸಂಜೆಯಾದರೆ ಎದೆ ಬಡಿದುಕೊಳ್ಳಲು ಶುರುವಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಈ ಅಂಕಣದ ಉತ್ತರ ಸಾಲದು. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಕ ಸಂಸ್ಥೆ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ, ಹಣವಿಲ್ಲದೆ ಮಾತಾಡಬಹುದು. ನೇರವಾಗಿ ವೈದ್ಯರನ್ನು ನೋಡಬೇಕೆಂದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯೂ ಉಂಟು. ನಿಮ್ಮ ಕಡೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.

ಈ ಪತ್ರವನ್ನು ಇಷ್ಟು ಹೊತ್ತು ಓದಿದವರಲ್ಲಿ ಸೀನಿಯರ್‌ಗಳೂ ಮ್ಯಾನೇಜರ್‌ಗಳೂ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಸಿಸಿಯಲ್ಲಿ ಮೇಲಧಿಕಾರಿಯ ಹೆಸರು ಹಾಕುವ ಮುನ್ನ ಆ ಹುಡುಗಿಗೋ ಹುಡುಗನಿಗೋ ಒಂದು ಫೋನ್ ಮಾಡಿ. ಹೇಳಬೇಕಾದ್ದು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಮೇಲ್ ಬರೆಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.